ಡ್ರಾಪ್ ಪಂಥದವರಿಗೆ ಮತ್ತೊಂದು ಮಾತು

ಈ ವಾರ ಪೋರ್ಟ್ ನಾಕಿಂಗ್ ಬಗ್ಗೆ ಬರೆಯುವುದೆಂದು ಮಾತಾಗಿತ್ತು. ಅದನ್ನು ಚುಟುಕಾಗಿ ಮುಗಿಸುತ್ತೇನೆ. ಮುಚ್ಚಿದ ಪೋರ್ಟುಗಳನ್ನು ಗೊತ್ತಾದ ಕ್ರಮದಲ್ಲಿ ತಟ್ಟಿದವನಿಗೆ ಮಾತ್ರ ಬಾಗಿಲು ತೆಗೆಯುವ, 2003ರಲ್ಲಿ ಮಾರ್ಟಿನ್ ಕ್ರಿಜಿವಿನ್‌ಸ್ಕಿ ಪ್ರಚಾರಕ್ಕೆ ತಂದ ಈ ಉಪಾಯ ಚಂದವೇ. ಆದರೆ ತಟ್ಟುವ ಕ್ರಮ ಬಯಲಲ್ಲೇ ಸಾಗುವುದರಿಂದ, ನಡುದಾರಿಯಲ್ಲಿ ಕದ್ದು ನೋಡಿದವನೂ ಅದೇ ಕ್ರಮದಲ್ಲಿ ತಟ್ಟಬಲ್ಲ. ಬೇಕೇ ಬೇಕು ಎನ್ನುವವರು ಮೈಕೆಲ್ ರಾಶ್ ಅವರ ಎಫ್‌ಡಬ್ಲ್ಯೂನಾಪ್ ಹಾಕಿಕೊಳ್ಳಲಿ. ಗೂಢಲಿಪಿಯ ಒಂದೇ ಪ್ಯಾಕೆಟ್ಟಿನಲ್ಲಿ ಕೆಲಸ ಮುಗಿಯುತ್ತದೆ. ನನ್ನ ತಲೆಯಲ್ಲಿ ಕೊರೆಯುತ್ತಿರುವುದು ಅದಕ್ಕಿಂತ ಹಳೆಯ ಜಗಳ: ಬೇಡದ ಪ್ಯಾಕೆಟ್ಟನ್ನು ಫೈರ್‌ವಾಲ್ ಸದ್ದಿಲ್ಲದೆ ನುಂಗಬೇಕೋ (ಡ್ರಾಪ್), ಇಲ್ಲವೆಂದು ಉತ್ತರಿಸಬೇಕೋ (ರಿಜೆಕ್ಟ್)?

ಸಂಪರ್ಕ ಕೋರುವ ಸಿನ್ ಪ್ಯಾಕೆಟ್ಟಿಗೆ ಉತ್ತರವನ್ನೇ ಕೊಡದಿದ್ದರೆ, ಅಲ್ಲಿ ಕಂಪ್ಯೂಟರೇ ಇಲ್ಲವೆಂದು ಸ್ಕ್ಯಾನ್ ಮಾಡುವವನು ನಂಬುತ್ತಾನೆ ಎಂಬುದು ಡ್ರಾಪ್ ಪಂಥದ ಮೂಲಮಂತ್ರ. ಸ್ಟೀವ್ ಗಿಬ್ಸನ್ ಅವರ ಶೀಲ್ಡ್ಸ್‌ಅಪ್ ಪರೀಕ್ಷೆ ಇಂಥ ಪೋರ್ಟಿಗೆ ‘ಸ್ಟೆಲ್ತ್’ ಎಂದು ಹಸಿರು ಬಣ್ಣ ಕೊಟ್ಟಿತು. ಇಲ್ಲವೆಂದು ನೇರವಾಗಿ ಹೇಳುವ ಪೋರ್ಟಿಗೆ ನೀಲಿ. ಹಸಿರು ಬಂದರೆ ಕ್ಷೇಮ ಎಂಬ ಭಾವನೆ ಹೀಗೆ ಬೇರುಬಿಟ್ಟಿತು.

ಮನೆಯೇ ಇಲ್ಲದ ವಿಳಾಸಕ್ಕೆ ಬರೆದ ಕಾಗದವನ್ನು ಅಂಚೆಯವರು ವಾಪಸು ಕಳಿಸುತ್ತಾರೆ. ಯಂತ್ರವೇ ಇಲ್ಲದ ಐಪಿ ವಿಳಾಸವಾದರೆ ಕೊನೆಯ ರೂಟರ್ ‘ಹೋಸ್ಟ್ ಅನ್‌ರೀಚಬಲ್’ ಎಂಬ ಐಸಿಎಂಪಿ ಸಂದೇಶ ಕಳಿಸುವುದು ವಾಡಿಕೆ. ಅದೂ ಬರಲಿಲ್ಲ, ಪೋರ್ಟ್ ಮುಚ್ಚಿದೆಯೆನ್ನುವ ಆರ್‌ಎಸ್‌ಟಿಯೂ (ರಿಸೆಟ್) ಬರಲಿಲ್ಲ ಎಂದರೆ ಫೈರ್‌ವಾಲ್ ಇರಬೇಕೆಂದು ಜಾಣನಾದವನು ಊಹಿಸುತ್ತಾನೆ. ಎನ್‌ಮ್ಯಾಪ್ ಎಂಬ ಸ್ಕ್ಯಾನರ್ ಅಂಥ ಪೋರ್ಟನ್ನು ‘ಫಿಲ್ಟರ್ಡ್’ ಎಂದೇ ಬರೆದುಕೊಳ್ಳುತ್ತದೆ.

ನಾನು ಮತ್ತೆ ಮತ್ತೆ ಓದುವ ಗ್ರಂಥ ಜಾನ್ ಪೋಸ್ಟೆಲ್ ಸಂಪಾದಿಸಿದ, 1981ರ ಆರ್‌ಎಫ್‌ಸಿ 793. ಸಂಪರ್ಕವೇ ಇಲ್ಲದ ಕಡೆಗೆ ಯಾವ ಸೆಗ್ಮೆಂಟ್ ಬಂದರೂ, ಅದೇ ಒಂದು ರಿಸೆಟ್ ಆಗಿರದ ಹೊರತು, ರಿಸೆಟ್ ಕಳಿಸಬೇಕೆಂದು ಅದು ವಿಧಿಸುತ್ತದೆ. ದಾರಿ ತಪ್ಪಿ ಬಂದವನನ್ನು ಕಾಯಿಸದ ಸೌಜನ್ಯ ಅದು. ಡ್ರಾಪ್ ಮಾಡಿದರೆ ನಿಮ್ಮದೇ ಬ್ಯಾಕಪ್ ಸ್ಕ್ರಿಪ್ಟ್ ತಪ್ಪು ಪೋರ್ಟಿನ ಮುಂದೆ ನಿಮಿಷಕ್ಕೂ ಹೆಚ್ಚು ಹೊತ್ತು ನಿಂತಿರುತ್ತದೆ. ಸ್ಕ್ಯಾನ್ ನಿಧಾನವಾಗುತ್ತದಲ್ಲ ಎಂದರೆ, ಎನ್‌ಮ್ಯಾಪ್ ಮಟ್ಟಿಗೆ ನಿಜ. ಆದರೆ 2013ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಿಂದ ಬಂದ ಜೀಮ್ಯಾಪ್ ಒಂದೊಂದು ವಿಳಾಸದ ಉತ್ತರಕ್ಕೂ ನಿಂತು ಕಾಯುವುದಿಲ್ಲ. ಗಿಗಾಬಿಟ್ ಸಂಪರ್ಕವಿದ್ದರೆ ಒಂದು ಪೋರ್ಟನ್ನು ಇಡೀ ಐಪಿವಿ4 ಜಗತ್ತಿನಲ್ಲಿ 45 ನಿಮಿಷದೊಳಗೆ ತಡಕಿ ಬರುತ್ತದೆ.

ಈ ಜಗಳಕ್ಕೆ ನಿಜವಾದ ತೀರ್ಪು ಸಿಕ್ಕಿದ್ದು ಸಾಲ್ವಟೋರ್ ಸಾನ್‌ಫಿಲಿಪ್ಪೊ ಅವರಿಂದ. ಮುಂದೆ ರೆಡಿಸ್ ಕಟ್ಟಿದ ಇವರು 1998ರಲ್ಲಿ ಐಡಲ್ ಸ್ಕ್ಯಾನ್ ಎಂಬ ಸೊಗಸಾದ ವಿದ್ಯೆ ತೋರಿಸಿದರು. ತಾನು ಕಳಿಸುವ ಪ್ರತಿ ಪ್ಯಾಕೆಟ್ಟಿಗೂ ಐಪಿ ಐಡಿ ಎಂಬ ಎಣಿಕೆಯನ್ನು ಒಂದೊಂದೇ ಏರಿಸುವ, ಸುಮ್ಮನಿರುವ ಮೂರನೆಯ ಯಂತ್ರವನ್ನು ಹುಡುಕಿ, ಅದರ ಹೆಸರಿನಲ್ಲಿ ಗುರಿಗೆ ಸಿನ್ ಕಳಿಸಬೇಕು. ಪೋರ್ಟ್ ತೆರೆದಿದ್ದರೆ ಗುರಿಯ ಸಿನ್-ಆಕ್ ಆ ಮೂರನೆಯದಕ್ಕೆ ಹೋಗುತ್ತದೆ. ಕೇಳದೆ ಬಂದ ಅದಕ್ಕೆ ಅದು ಆರ್‌ಎಸ್‌ಟಿ ಕಳಿಸುವಾಗ ಎಣಿಕೆ ಏರುತ್ತದೆ. ಆ ಏರಿಕೆಯನ್ನು ನೋಡಿಯೇ ಸ್ಕ್ಯಾನ್ ಮಾಡುವವನಿಗೆ ವಿಷಯ ತಿಳಿಯುತ್ತದೆ. ಗುರಿ ಆರ್‌ಎಸ್‌ಟಿ ಕೊಟ್ಟರೂ ಎಣಿಕೆ ಏರದು, ಬಾಯಿ ಮುಚ್ಚಿ ಕೂತರೂ ಏರದು. ರಿಜೆಕ್ಟ್, ಡ್ರಾಪ್ ಎರಡೂ ಅಲ್ಲಿ ಒಂದೇ. ತೆರೆದ ಪೋರ್ಟ್ ಮಾತ್ರ ಸಿಕ್ಕಿಬೀಳುತ್ತದೆ.

ಡ್ರಾಪ್‌ಗೆ ಸಲ್ಲಬೇಕಾದ ಒಂದು ಜಾಗ ಯುಡಿಪಿ. 2020ರಲ್ಲಿ ಲಿನಕ್ಸ್ ಕರ್ನೆಲ್ 5.6 ಸೇರಿದ ವೈರ್‌ಗಾರ್ಡ್ ಎಂಬ ವಿಪಿಎನ್, ಸರಿಯಾದ ಕೀಲಿ ಇಲ್ಲದವನಿಗೆ ಉತ್ತರಿಸುವುದೇ ಇಲ್ಲ. ಅಕ್ಕಪಕ್ಕದ ಪೋರ್ಟುಗಳೆಲ್ಲ ‘ಅನ್‌ರೀಚಬಲ್’ ಎನ್ನುತ್ತಿದ್ದು ಅದೊಂದೇ ಸುಮ್ಮನಿದ್ದರೆ ಅಲ್ಲೇ ಗುಟ್ಟು ರಟ್ಟು. ಆದ್ದರಿಂದ ಉಳಿದ ಯುಡಿಪಿಯನ್ನೂ ಪೂರ್ತಿ ಡ್ರಾಪ್ ಮಾಡಿ, ಟಿಸಿಪಿಗೆ ಆರ್‌ಎಸ್‌ಟಿ ಕೊಡಿ.

ಅದಕ್ಕೂ ಮೊದಲು ಎಸ್‌ಎಸ್ ಆಜ್ಞೆ ಕೊಟ್ಟು, ಲಿಸನ್ ಮಾಡುತ್ತಿರುವ ಪೋರ್ಟುಗಳ ಪಟ್ಟಿ ತೆಗೆಯಿರಿ. ಯಾರಿಗೂ ಬೇಡವಾದದ್ದನ್ನು ನಿಲ್ಲಿಸಿ. ಡೇಟಾಬೇಸಿನಂಥದ್ದನ್ನು 127.0.0.1ಕ್ಕೆ ಕಟ್ಟಿಹಾಕಿ. ಎಸ್‌ಎಸ್‌ಎಚ್ ಅನ್ನು ವೈರ್‌ಗಾರ್ಡ್ ಹಿಂದೆ ಇಡಿ. ಇಷ್ಟು ಮಾಡಿದವನ ಯಂತ್ರವನ್ನು ಯಾರು ಎಷ್ಟು ಸಲ ಸ್ಕ್ಯಾನ್ ಮಾಡಿದರೂ ನುಗ್ಗಲು ತೆರೆದ ಪೋರ್ಟ್ ಸಿಗುವುದಿಲ್ಲ.