ಇಲ್ಲದ ಅಧ್ಯಾಯ

ಸಿಗರೇಟು ಬಿಡುವ ಪಾಡನ್ನು ಕುರಿತ ಕಾದಂಬರಿಗಳಲ್ಲಿ ಬಹಳ ಹೆಸರಾದದ್ದು ಇಟಾಲಿಯನ್ ಲೇಖಕ ಇಟಾಲೊ ಸ್ವೆವೊ 1923ರಲ್ಲಿ ಪ್ರಕಟಿಸಿದ ಪುಸ್ತಕ. ಇಂಗ್ಲಿಷಿನಲ್ಲಿ ಅದು 'ಝೆನೊಸ್ ಕಾನ್ಷನ್ಸ್' ಎಂಬ ಹೆಸರಿನಲ್ಲಿ ಸಿಗುತ್ತದೆ. ಹೆಣ್ಣಿನ ಕಿಬ್ಬೊಟ್ಟೆಯ ನೋವನ್ನು ಕುರಿತು ನಾನು ಓದಿದ್ದರಲ್ಲಿ ಮರೆಯಲಾಗದ್ದು ಇಂಗ್ಲೆಂಡಿನ ಹಿಲರಿ ಮ್ಯಾಂಟೆಲ್ 2003ರಲ್ಲಿ ಪ್ರಕಟಿಸಿದ ಆತ್ಮಕಥನ 'ಗಿವಿಂಗ್ ಅಪ್ ದ ಘೋಸ್ಟ್'. ಎರಡನ್ನೂ ನಾನು ಒಂದೇ ವರ್ಷದಲ್ಲಿ ಓದಿದೆ. ಒಂದನ್ನು ತಾರಸಿಯ ನೀರಿನ ಟ್ಯಾಂಕಿನ ಮರೆಯಲ್ಲಿ ಕೂತು, ಇನ್ನೊಂದನ್ನು ಹೊಟ್ಟೆಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿ. ಟ್ಯಾಂಕಿನ ಮರೆಯಲ್ಲಿ ಓದುವಾಗ ಇನ್ನೊಂದು ಕೈಯಲ್ಲಿ ಏನಿತ್ತು ಎಂದು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ಸಿಗರೇಟು ಇತ್ತು.

ಈ ಮಾತು ಓದಿ ಕೆಲವರು ಪುಸ್ತಕ ಮಡಚಿಡಬಹುದು. ದಯವಿಟ್ಟು ಇಡಬೇಡಿ. ನಮ್ಮ ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಕೂತು, ಎಲೆಗೆ ಸುಣ್ಣ ಸವರಿ, ಅಡಿಕೆಯ ಜೊತೆ ಒಂದು ಚೂರು ಹೊಗೆಸೊಪ್ಪು ಸೇರಿಸಿ ದವಡೆಗೆ ಒತ್ತಿಕೊಳ್ಳುತ್ತಿದ್ದಳು. ಹಲ್ಲುನೋವಿಗೂ ಅದೇ, ಹೊಟ್ಟೆನೋವಿಗೂ ಅದೇ, ಬೇಸರಕ್ಕೂ ಅದೇ. ಅವಳನ್ನು ಯಾರೂ ಕೆಟ್ಟ ಹೆಂಗಸು ಎನ್ನಲಿಲ್ಲ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಹೆಂಗಸರಲ್ಲಿ ಸೇದುವವರು ಶೇಕಡಾ 2. ಅಗಿಯುವ, ಉಜ್ಜುವ ತಂಬಾಕು ಬಳಸುವವರು ಶೇಕಡಾ 12.8. ಎಲೆ ಒಂದೇ, ವಿಷವೂ ಒಂದೇ. ಆದರೆ ಹೊಗೆ ಕಾಣುತ್ತದೆ. ನಾಚಿಕೆ ಇರುವುದು ಅದು ಕಾಣುವುದರಲ್ಲಿ.

ಮೊದಲು ಸ್ವೆವೊನ ಪುಸ್ತಕ. ಝೆನೊ ಕೊಸಿನಿ ಟ್ರಿಯೆಸ್ಟ್ ಪಟ್ಟಣದ ಸಿರಿವಂತ. ಮಾಡಲು ಹೆಚ್ಚು ಕೆಲಸವಿಲ್ಲ. ಮನೋವೈದ್ಯರ ಸಲಹೆಯಂತೆ ತನ್ನ ಕಥೆ ಬರೆಯಲು ಕೂರುತ್ತಾನೆ; ತಂಬಾಕಿನ ಚಟದಿಂದಲೇ ಶುರು. ಬಾಳಿನುದ್ದಕ್ಕೂ ಅವನು ಸೇದುವುದೆಲ್ಲ 'ಕೊನೆಯ ಸಿಗರೇಟು'. ಪ್ರತಿ ಕೊನೆಗೂ ಒಂದು ಚಂದದ ದಿನಾಂಕ ಬೇಕು. 1899ರ ಒಂಬತ್ತನೇ ತಿಂಗಳ ಒಂಬತ್ತನೇ ದಿನ, ಇಂಥವು. ಬಾಡಿಗೆ ಕೋಣೆಯ ಗೋಡೆಯ ತುಂಬ ಈ ದಿನಾಂಕಗಳನ್ನು ಬರೆದು ಬರೆದು, ಕೋಣೆ ಬಿಡುವಾಗ ಗೋಡೆಗೆ ಹೊಸ ಕಾಗದ ಅಂಟಿಸಿ ಕೊಡಬೇಕಾಗುತ್ತದೆ! ಒಮ್ಮೆ ಚಟ ಬಿಡಿಸುವ ಚಿಕಿತ್ಸಾಲಯಕ್ಕೆ ಸೇರಿ, ಕಾವಲಿಗಿದ್ದ ದಾದಿಗೆ ಕುಡಿಸಿ, ಅದೇ ರಾತ್ರಿ ತಪ್ಪಿಸಿಕೊಂಡು ಮನೆಗೆ ಬರುತ್ತಾನೆ. ಕೊನೆಯ ಸಿಗರೇಟಿಗೇ ರುಚಿ ಹೆಚ್ಚು ಎಂಬುದು ಅವನ ಸಿದ್ಧಾಂತ. ತನ್ನನ್ನು ತಾನು ಗೆದ್ದೆನೆಂಬ ಹೆಮ್ಮೆಯೂ ಅದರಲ್ಲಿ ಬೆರೆತಿರುತ್ತದಲ್ಲ!

ಚಟದ ಬಗ್ಗೆ ಇಷ್ಟು ನಿಜವಾದ ಮಾತನ್ನು ಹೇಳಿದವರು ಕಡಿಮೆ. ನಾನು ನಕ್ಕೆ. ನಕ್ಕು, ನನ್ನ ಡೈರಿಯ ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ಯುಗಾದಿಗೆ ಒಂದು 'ಕೊನೆ', ಗೌರಿ ಹಬ್ಬಕ್ಕೆ ಒಂದು, ಮಗಳ ಹುಟ್ಟುಹಬ್ಬಕ್ಕೆ ಒಂದು. ಝೆನೊ ನನ್ನ ಒಡಹುಟ್ಟಿದ ಅಣ್ಣನಂತೆ ಕಂಡ.

ಆದರೆ ಎರಡನೇ ಸಲ ಓದಿದಾಗ ನಗು ಅಷ್ಟು ಸಲೀಸಾಗಿ ಬರಲಿಲ್ಲ. ಝೆನೊನ ಹೆಂಡತಿ ಆಗಸ್ಟಾ. ಅವನ ಕಣ್ಣಿಗೆ ಅವಳು ಆರೋಗ್ಯದ ಮೂರ್ತಿ. ಅವಳ ಆರೋಗ್ಯವನ್ನು ಅವನು ಪುಟಗಟ್ಟಲೆ ಬಗೆಯುತ್ತಾನೆ, ಬಗೆದು ಬಗೆದು ಅದೂ ಒಂದು ಕಾಯಿಲೆಯೇನೋ ಎಂಬಲ್ಲಿಗೆ ತಲುಪುತ್ತಾನೆ. ಇಷ್ಟೆಲ್ಲ ಬಗೆದವನು ತಿಂಗಳಿಗೊಮ್ಮೆಯಾದರೂ ಅವಳಿಗೆ ಹೊಟ್ಟೆ ನೋಯುತ್ತದೆಯೇ ಎಂದು ಯೋಚಿಸಿದ್ದು ನನಗೆ ಸಿಗಲಿಲ್ಲ. ಮನೆಯಲ್ಲಿ ಕಾಯಿಲೆ ಬೀಳುವ ಹಕ್ಕು ಅವನದು, ಆರೋಗ್ಯವಾಗಿರುವ ಕರ್ತವ್ಯ ಅವಳದು. ಈ ಹಂಚಿಕೆ ನಮಗೇನು ಹೊಸದೆ? ಸ್ವೆವೊ ಬುದ್ಧಿವಂತ. ಝೆನೊನ ಈ ಕುರುಡನ್ನೂ ಅವನು ತಿಳಿದೇ ಚಿತ್ರಿಸಿರಬಹುದು. ಆದರೂ ಸೇದುವ ಮನುಷ್ಯನಿಗೆ ಆಗಸ್ಟಾಳ ಮೈ ಇದ್ದಿದ್ದರೆ ಈ ಹಾಸ್ಯ ಇಷ್ಟು ಹಗುರವಾಗಿ ಉಳಿಯುತ್ತಿರಲಿಲ್ಲ.

ಆ ಮೈ ಸಿಗುವುದು ಮ್ಯಾಂಟೆಲ್ ಪುಸ್ತಕದಲ್ಲಿ. ನೋವು ಎಂದು ವೈದ್ಯರ ಬಳಿ ಹೋದ ಕಾಲೇಜು ಹುಡುಗಿಗೆ ಸಿಕ್ಕಿದ್ದು ಮನಸ್ಸಿನ ಕಾಯಿಲೆಯ ಮಾತ್ರೆಗಳು. ಮಾತ್ರೆಯಿಂದ ಹುಟ್ಟಿದ ತಳಮಳವನ್ನೇ ಹುಚ್ಚೆಂದು ತಿಳಿದು ಮತ್ತಷ್ಟು ಮಾತ್ರೆ. ಬರೆಯುವುದು ಬೇಡ ಎಂಬ ಅಪ್ಪಣೆಯೂ ಆಯಿತು. ಕೊನೆಗೆ ಆಫ್ರಿಕಾದ ಬೋಟ್ಸ್‌ವಾನಾದಲ್ಲಿದ್ದಾಗ ವೈದ್ಯಕೀಯ ಪುಸ್ತಕ ಓದಿ ತನ್ನ ಕಾಯಿಲೆಯ ಹೆಸರನ್ನು ಆಕೆಯೇ ಕಂಡುಹಿಡಿದಳು: ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥದೇ ಪದರ ಗರ್ಭಕೋಶದ ಹೊರಗೆ, ಅಂಡಾಶಯ, ಕರುಳು, ಮೂತ್ರಕೋಶಗಳ ಮೇಲೆ ಬೆಳೆದು ನೋಯಿಸುವ ಕಾಯಿಲೆ. 1979ರ ಕೊನೆಯಲ್ಲಿ, 27ನೇ ವಯಸ್ಸಿಗೆ, ಶಸ್ತ್ರಚಿಕಿತ್ಸೆಯಲ್ಲಿ ಗರ್ಭಕೋಶ, ಅಂಡಾಶಯ ಎರಡೂ ಹೋದವು. ಆಮೇಲೂ ಕಾಯಿಲೆ ಪೂರ್ತಿ ಬಿಡಲಿಲ್ಲ. ಔಷಧಿಗಳಿಂದ ಮೈ ಗುರುತು ಸಿಗದಷ್ಟು ಊದಿತು. ಇಷ್ಟೆಲ್ಲದರ ನಡುವೆ ಬರೆದು 2009 ಮತ್ತು 2012ರಲ್ಲಿ ಎರಡು ಸಲ ಬುಕರ್ ಪ್ರಶಸ್ತಿ ಪಡೆದ ಲೇಖಕಿ ಆಕೆ, 2022ರಲ್ಲಿ ತೀರಿಕೊಂಡಳು.

ಈ ಪುಸ್ತಕದ ದೊಡ್ಡ ಗುಣ ಅದು ಅಳದೆ ಇರುವುದು. ಯಾವ ಮಾತ್ರೆ, ಯಾವ ವರ್ಷ, ಏನಾಯಿತು ಎಂದು ಲೆಕ್ಕ ಒಪ್ಪಿಸಿದಂತೆ ಹೇಳುತ್ತದೆ. ಮುಟ್ಟಿನ ನೋವು ಎಲ್ಲರಿಗೂ ಇದ್ದದ್ದೇ, ಮದುವೆಯಾದರೆ ಸರಿಹೋಗುತ್ತದೆ, ಒಂದು ಮಗುವಾದರೆ ಸರಿಹೋಗುತ್ತದೆ ಎಂದು ಕೇಳಿಸಿಕೊಂಡ ಪ್ರತಿ ಹೆಣ್ಣಿಗೂ ಇದು ತನ್ನದೇ ಕಥೆ ಎನ್ನಿಸುತ್ತದೆ. ಜಗತ್ತಿನಲ್ಲಿ ಮುಟ್ಟಾಗುವ ವಯಸ್ಸಿನ ಹತ್ತು ಹೆಂಗಸರಲ್ಲಿ ಒಬ್ಬರಿಗೆ, ಅಂದರೆ ಸುಮಾರು 19 ಕೋಟಿ ಮಂದಿಗೆ ಈ ಕಾಯಿಲೆ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಆದರೂ ನನಗೆ ಅಲ್ಲೊಂದು ಕೊರತೆ ಕಾಡಿತು. ಮ್ಯಾಂಟೆಲ್ ತನ್ನ ನೋವಿನ ಮುಂದೆ ನಿರ್ದೋಷಿ. ನಮ್ಮ ಸಿಟ್ಟೆಲ್ಲ ಆ ವೈದ್ಯರ ಮೇಲೆ ನೇರವಾಗಿ ಹೋಗುತ್ತದೆ. ನನಗೆ ಅಂಥ ಶುಭ್ರವಾದ ಸಿಟ್ಟು ಸಾಧ್ಯವಿರಲಿಲ್ಲ. ನೋವಿನಲ್ಲಿ ಸೇದುವ ಹೆಂಗಸು ಝೆನೊನಂತೆ ತಮಾಷೆಯ ಪಾತ್ರವಾಗಲಾರಳು, ಮ್ಯಾಂಟೆಲ್‌ಳಂತೆ ಮರುಕಕ್ಕೂ ಅರ್ಹಳಾಗಲಾರಳು. 'ಸೇದಿದ್ದಕ್ಕೇ ಬಂತು' ಎಂದು ಒಂದೇ ಮಾತಿನಲ್ಲಿ ಅವಳ ಕಥೆ ಮುಗಿದುಹೋಗುತ್ತದೆ. ಎರಡು ಪುಸ್ತಕಗಳ ನಡುವೆ ಒಂದು ಅಧ್ಯಾಯ ಇಲ್ಲ. ಇಲ್ಲದ ಅಧ್ಯಾಯಕ್ಕೆ ಬೆಲೆ ತೆರಬೇಕಾಗುತ್ತದೆ. ನಾನು ತೆರುವುದರಲ್ಲಿದ್ದೆ.

ನನಗಾಗ 36 ವರ್ಷ. ಡಾಕ್ಟರಮ್ಮ ಎಲ್ಲ ಕೇಳಿ ಕೊನೆಗೆ, "ಸಿಗರೇಟು, ಹೊಗೆಸೊಪ್ಪು ಅಂಥದ್ದೇನೂ ಇಲ್ಲ ತಾನೆ?" ಎಂದು ನಕ್ಕರು. ಪಕ್ಕದಲ್ಲಿ ಅತ್ತೆ ಕೂತಿದ್ದರು. "ಅಯ್ಯೋ, ಇಲ್ಲಪ್ಪ" ಎಂದೆ. ಅವರು ಹಾರ್ಮೋನ್ ಮಾತ್ರೆ ಬರೆದುಕೊಟ್ಟರು. ಮನೆಗೆ ಬಂದು ಡಬ್ಬಿಯೊಳಗಿನ ಚೀಟಿ ಬಿಡಿಸಿ ಓದಿದೆ. 35 ದಾಟಿದ, ಸಿಗರೇಟು ಸೇದುವ ಹೆಂಗಸರು ಈ ಈಸ್ಟ್ರೋಜನ್ ಇರುವ ಮಾತ್ರೆ ತೆಗೆದುಕೊಳ್ಳಕೂಡದು; ರಕ್ತ ಹೆಪ್ಪುಗಟ್ಟುವ, ಹೃದಯಾಘಾತದ, ಲಕ್ವಾ ಹೊಡೆಯುವ ಅಪಾಯ ಹೆಚ್ಚುತ್ತದೆ ಎಂದಿತ್ತು. ಸಣ್ಣ ಅಕ್ಷರದ ಆ ಚೀಟಿಯಲ್ಲಿ ನನ್ನ ಬಗ್ಗೆಯೇ ಬರೆದಿತ್ತು. ನಾನು ಹುಡುಕುತ್ತಿದ್ದ ಅಧ್ಯಾಯದ ಮೊದಲ ಸಾಲು ಸಿಕ್ಕಿದ್ದು ಹೀಗೆ.

ಎರಡು ದಿನ ಮಾತ್ರೆ ಮುಟ್ಟಲಿಲ್ಲ. ಮೂರನೇ ದಿನ ಒಬ್ಬಳೇ ಹೋಗಿ ಹೇಳಿದೆ. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವರು ಬೈಯಲಿಲ್ಲ. "ನೀವು ಹೇಳದಿದ್ದರೆ ನನಗೆ ಹೇಗೆ ಗೊತ್ತಾಗಬೇಕಮ್ಮ? ಕೇಳುವ ರೀತಿಯಲ್ಲಿ ನಾನೂ ಕೇಳಲಿಲ್ಲ ಬಿಡಿ" ಎಂದು ಈಸ್ಟ್ರೋಜನ್ ಇಲ್ಲದ ಬೇರೆ ಮಾತ್ರೆ ಬರೆದರು. ಸಿಗರೇಟಿನಿಂದಲೇ ಈ ಕಾಯಿಲೆ ಬರುತ್ತದೆಂದು ಸಾಬೀತಾಗಿಲ್ಲ ಎಂದೂ ಹೇಳಿದರು. ಆ ಒಂದು ಮಾತಿಗೆ ನಾನು ಅಲ್ಲೇ ಅತ್ತುಬಿಟ್ಟೆ.

ಹಾಗಾದರೆ ಸೇದಿದಾಗ ನೋವು ಇಳಿಯುತ್ತಿದ್ದುದು ಸುಳ್ಳೇ? ಸುಳ್ಳಲ್ಲ. ನಿಕೋಟಿನ್ ನೋವನ್ನು ಸ್ವಲ್ಪ ಹೊತ್ತು ಮಂಕು ಮಾಡುತ್ತದೆ. ಸುಮಾರು 2 ಗಂಟೆಯಲ್ಲಿ ರಕ್ತದಲ್ಲಿನ ಅದರ ಅಂಶ ಅರ್ಧಕ್ಕೆ ಇಳಿಯುತ್ತದೆ. ಚಟಕ್ಕೆ ಒಗ್ಗಿದ ಮೈ ಆಗ ಚಡಪಡಿಸುತ್ತದೆ, ನೋವು ಮೊದಲಿಗಿಂತ ಚುರುಕಾಗಿ ತಾಗುತ್ತದೆ. ಅಂದರೆ ಮುಂದಿನ ಸಿಗರೇಟು ವಾಸಿಮಾಡುವುದು ಹಿಂದಿನ ಸಿಗರೇಟು ಬಿಟ್ಟುಹೋದ ಕೊರತೆಯನ್ನು. ಬಡ್ಡಿ ಕಟ್ಟಲು ಅದೇ ಸಾಹುಕಾರನ ಹತ್ತಿರ ಮತ್ತೆ ಸಾಲ ಮಾಡಿದ ಹಾಗೆ.

ಬಿಟ್ಟದ್ದು ಹೇಗೆಂದು ಕೇಳಿದರೆ ದೊಡ್ಡ ಕಥೆಯೇನಿಲ್ಲ. ಮುಟ್ಟು ಮುಗಿದ ಮೇಲಿನ ಒಂದು ಸಾದಾ ಮಂಗಳವಾರ ಆರಿಸಿಕೊಂಡೆ, ಬಿಡುವ ಹಿಂಸೆಯೂ ನೋವೂ ಒಟ್ಟಿಗೆ ಬೀಳದಿರಲೆಂದು. ಹಬ್ಬ ಇಲ್ಲ, ಚಂದದ ದಿನಾಂಕ ಇಲ್ಲ. ಇದು ಝೆನೊ ಕಲಿಸಿದ ಪಾಠ: 'ಕೊನೆಯದು' ಎಂಬುದಕ್ಕೆ ಪೂಜೆ ಮಾಡಿದಷ್ಟೂ ಅದು ದೇವರಾಗುತ್ತದೆ. ವೈದ್ಯರು ಹೇಳಿದಂತೆ ನಿಕೋಟಿನ್ ಚೂಯಿಂಗ್ ಗಮ್ ಅಗಿದೆ. 1800-11-2356 ಎಂಬ ಸರಕಾರದ ಉಚಿತ ಸಹಾಯವಾಣಿಗೆ ಫೋನ್ ಮಾಡಿದೆ, ಕನ್ನಡದಲ್ಲೇ ಮಾತಾಡಿದರು. ಎರಡು ಸಲ ಜಾರಿದೆ. ಜಾರಿದ್ದನ್ನು ಬರೆದಿಟ್ಟೆ, ಯಾವ ದಿನ, ಏಕೆ ಎಂದು. ಇದು ಮ್ಯಾಂಟೆಲ್ ಕಲಿಸಿದ್ದು. ನೋವು ಹೋಗಲಿಲ್ಲ. ತಿಂಗಳಲ್ಲಿ ಎರಡು ದಿನ ಈಗಲೂ ಬಿಸಿನೀರಿನ ಚೀಲ ಬೇಕು. ಆದರೆ ಈಗ ನೋಯುವುದು ನೋವು ಮಾತ್ರ. ಅದರ ಮೇಲೆ ಸಾಲದ ಬಡ್ಡಿ ಇಲ್ಲ.

ಎರಡೂ ಒಳ್ಳೆಯ ಪುಸ್ತಕಗಳು, ಸಿಕ್ಕರೆ ಓದಿ. ಒಂದು ನಮ್ಮ ಸುಳ್ಳುಗಳನ್ನು ನಗಿಸಿ ತೋರಿಸುತ್ತದೆ, ಇನ್ನೊಂದು ನಮ್ಮ ನಿಜವನ್ನು ಹೇಳುವ ಧೈರ್ಯ ಕೊಡುತ್ತದೆ. ನಡುವಿನ ಅಧ್ಯಾಯವನ್ನು ಮಾತ್ರ ನಾವೇ ಬರೆಯಬೇಕು. ಪುಸ್ತಕದಲ್ಲಿ ಬರೆಯಲಾಗದಿದ್ದರೆ ಡಾಕ್ಟರ ಎದುರಿನ ಕುರ್ಚಿಯಲ್ಲಾದರೂ. ಜೊತೆಗೆ ಬಂದವರನ್ನು ಒಂದು ನಿಮಿಷ ಹೊರಗೆ ಕೂರಲು ಹೇಳಿದರೆ ತಪ್ಪೇನಿಲ್ಲ.