ಲಿನಕ್ಸ್ ಮತ್ತು ಡಯಲ್-ಅಪ್ ಮೋಡೆಮ್: ಎರಡು ಬಗೆಯ ಕಷ್ಟ

ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ಡಯಲ್-ಅಪ್ ಮೋಡೆಮ್ ನಡೆಸುವುದು ಪರಿಣತರಿಗೆ ಮಾತ್ರ ಸಾಧ್ಯವೆಂಬ ಅಭಿಪ್ರಾಯ 1990ರ ದಶಕದ ಕೊನೆಯ ವೇಳೆಗೆ ಗಣಕ ಬಳಸುವವರಲ್ಲಿ ಗಟ್ಟಿಯಾಗಿ ಬೇರೂರಿತ್ತು. ಅದರಲ್ಲಿ ಸತ್ಯಾಂಶವಿದ್ದರೂ, ಮೂಲದಲ್ಲಿಯೇ ಬೇರೆಯಾದ ಎರಡು ಕಷ್ಟಗಳನ್ನು ಅದು ಒಂದೇ ಗಂಟಿನಲ್ಲಿ ಕಟ್ಟಿಬಿಟ್ಟಿತು. ಒಂದು, ಸಂಪರ್ಕದ ಪ್ರತಿಯೊಂದು ಹಂತವನ್ನೂ ಬಳಕೆದಾರನೇ ತಿಳಿದು ಹೊಂದಿಸಬೇಕಾದುದರಿಂದ ಬರುವ ಕಷ್ಟ. ಇನ್ನೊಂದು, ತಿಳಿಯಬೇಕಾದುದನ್ನು ತಯಾರಕರು ಮುಚ್ಚಿಟ್ಟಿದ್ದರಿಂದ ಬಂದ ಕಷ್ಟ. ಮೊದಲನೆಯದು ಪಟ್ಟ ಶ್ರಮಕ್ಕೆ ಪ್ರತಿಯಾಗಿ ಅರಿವನ್ನು ಕೊಡುತ್ತಿತ್ತು, ಎರಡನೆಯದು ಏನನ್ನೂ ಕೊಡುತ್ತಿರಲಿಲ್ಲ. ಈ ಪದ್ಧತಿಯ ಬೆಲೆ ಕಟ್ಟುವಾಗ ಇವೆರಡನ್ನು ಬಿಡಿಸಿ ನೋಡುವುದು ಅಗತ್ಯ.

ಗಣಕದ ಅಂಕೀಯ ಸಂಕೇತಗಳನ್ನು ದೂರವಾಣಿ ತಂತಿಯಲ್ಲಿ ಸಾಗಬಲ್ಲ ಧ್ವನಿಸಂಕೇತಗಳಾಗಿ ಮಾರ್ಪಡಿಸಿ, ಆ ತುದಿಯಿಂದ ಬಂದ ಧ್ವನಿಸಂಕೇತಗಳನ್ನು ಮತ್ತೆ ಅಂಕಿಗಳಾಗಿ ಬಿಡಿಸುವ ಸಾಧನವೇ ಮೋಡೆಮ್. 1981ರಲ್ಲಿ ಬಂದ ಹೇಯ್ಸ್ ಸ್ಮಾರ್ಟ್‌ಮೋಡೆಮ್ 'ಎಟಿ' ಎಂಬ ಎರಡು ಅಕ್ಷರಗಳಿಂದ ಆರಂಭವಾಗುವ ಸರಳ ಪಠ್ಯ ಆಜ್ಞೆಗಳನ್ನು ರೂಢಿಗೆ ತಂದಿತು. ಮುಂದೆ ಬಹುತೇಕ ಎಲ್ಲ ತಯಾರಕರೂ ಅವನ್ನೇ ಅನುಸರಿಸಿದ್ದರಿಂದ, ಗಣಕದ ಹೊರಗೆ ಸೀರಿಯಲ್ ಪೋರ್ಟಿಗೆ ಜೋಡಿಸುವ ಯಾವ ಮೋಡೆಮ್ ಆದರೂ ಲಿನಕ್ಸ್‌ಗೆ ಪ್ರತ್ಯೇಕ ಚಾಲಕ ತಂತ್ರಾಂಶವಿಲ್ಲದೆ ಒಗ್ಗುತ್ತಿತ್ತು. ಡಾಸ್‌ನಲ್ಲಿ ಕಾಮ್1 ಎನಿಸಿಕೊಂಡ ಪೋರ್ಟ್ ಲಿನಕ್ಸಿನಲ್ಲಿ ಟಿಟಿವೈಎಸ್0 ಎಂಬ ಕಡತವಾಗಿ ಕಾಣಿಸುತ್ತದೆ. ಮಿನಿಕಾಮ್ ಎಂಬ ತಂತ್ರಾಂಶದಿಂದ ಆ ಕಡತಕ್ಕೆ 'ಎಟಿ' ಎಂದು ಬರೆದಾಗ 'ಓಕೆ' ಎಂಬ ಉತ್ತರ ಬಂದರೆ, ತಂತಿ, ಪೋರ್ಟ್, ಮೋಡೆಮ್ ಮೂರೂ ಸರಿಯಾಗಿವೆ ಎಂದು ಒಂದೇ ಪ್ರಯೋಗದಿಂದ ತಿಳಿಯುತ್ತದೆ.

ಇದರ ಮೇಲೆ ಉಳಿದ ಪದರಗಳು ಕೂರುತ್ತವೆ. 'ಚಾಟ್' ಎಂಬ ಪುಟ್ಟ ತಂತ್ರಾಂಶ ಯಾವ ಮಾತು ಬರಬೇಕು, ಬಂದ ಮೇಲೆ ಏನನ್ನು ಕಳುಹಿಸಬೇಕು ಎಂಬ ಜೋಡಿಗಳನ್ನು ಓದಿ ಕರೆ ಮಾಡುತ್ತದೆ. ಕರೆ ಕೂಡಿದ ಮೇಲೆ ಪಿಪಿಪಿಡಿ ಎಂಬ ಹಿನ್ನೆಲೆ ತಂತ್ರಾಂಶ, ಎರಡು ತುದಿಗಳ ನಡುವೆ ದತ್ತಾಂಶ ಸಾಗಿಸುವ ಪಿಪಿಪಿ ನಿಯಮಾವಳಿಯಂತೆ ಗುಪ್ತಪದವನ್ನು ಒಪ್ಪಿಸಿ, ಅಂತರಜಾಲದ ವಿಳಾಸವನ್ನು ಪಡೆದು, ದಾರಿಯನ್ನು ತೆರೆಯುತ್ತದೆ. ಈ ರಚನೆಯ ನಿಜವಾದ ಗುಣ ಕಾಣುವುದು ಅದು ಕೆಟ್ಟಾಗ. ಕರೆಯೇ ಕೂಡದಿದ್ದರೆ ದೋಷ ಚಾಟ್‌ನಲ್ಲೋ ಅದರ ಕೆಳಗೋ ಇದೆ. ಕರೆ ಕೂಡಿ ಕೋರಿಕೆಗಳಿಗೆ ಉತ್ತರ ಬಾರದಿದ್ದರೆ ಪಿಪಿಪಿಯಲ್ಲಿದೆ. ಅಂಕಿಯ ವಿಳಾಸ ತಲುಪಿ ಹೆಸರಿನ ವಿಳಾಸ ತಲುಪದಿದ್ದರೆ ಹೆಸರನ್ನು ವಿಳಾಸವಾಗಿ ಬಿಡಿಸುವ ಸರ್ವರಿನ ನಮೂದು ಇಲ್ಲವಾಗಿದೆ. ಎಲ್ಲವೂ ಯಶಸ್ವಿಯಾಗಿ ನಡೆದಂತೆ ತೋರಿದರೂ ಒಂದು ಪುಟವೂ ತೆರೆಯದಿದ್ದಾಗ, ಈಥರ್ನೆಟ್ ಕಾರ್ಡಿನ ಹೆಸರಿನಲ್ಲಿ ಮೊದಲೇ ಇದ್ದ ಪೂರ್ವನಿಯೋಜಿತ ದಾರಿಯನ್ನು ಬದಲಿಸುತ್ತಿಲ್ಲವೆಂದು ಪಿಪಿಪಿಡಿ ದಾಖಲೆ ಕಡತದಲ್ಲಿ ಸ್ಪಷ್ಟವಾಗಿ ಬರೆದಿಟ್ಟಿರುತ್ತಿತ್ತು. ಆ ಸಾಲನ್ನು ಓದಿ ಕಾರಣ ಹುಡುಕಿದವನು ದತ್ತಾಂಶ ಯಾವ ದಾರಿಯಲ್ಲಿ ಹೊರಡುತ್ತದೆ ಎಂಬುದನ್ನು ಒಮ್ಮೆಗೇ ಕಲಿತುಬಿಡುತ್ತಿದ್ದ.

ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಅಂತರಜಾಲ ಸೇವೆಯನ್ನು ತೆರೆದ ನಂತರದ ಭಾರತಕ್ಕೆ ಈ ಪಾರದರ್ಶಕತೆ ಹೆಚ್ಚಾಗಿಯೇ ಬೇಕಾಗಿತ್ತು. ಬೇರೆ ದೇಶಗಳ ದೂರವಾಣಿಯ ಸ್ವರಕ್ಕೆ ಹೊಂದಿಸಿದ ಮೋಡೆಮ್ ಇಲ್ಲಿನ ಡಯಲ್ ಟೋನನ್ನು ಗುರುತಿಸದೆ ಕರೆಯನ್ನೇ ನಿಲ್ಲಿಸಿದಾಗ, ಟೋನಿಗೆ ಕಾಯದೆ ಸಂಖ್ಯೆಯನ್ನು ಒತ್ತುವಂತೆ ಹೇಳುವ 'ಎಕ್ಸ್3' ಎಂಬ ಸೂಚನೆ ಸಾಕಾಗುತ್ತಿತ್ತು. ಸ್ವರಸಂಕೇತ ಅರಿಯದ ಹಳೆಯ ಎಕ್ಸ್‌ಚೇಂಜುಗಳಲ್ಲಿ 'ಡಿಟಿ' ಬದಲು ಮಿಡಿತಗಳಿಂದ ಸಂಖ್ಯೆ ಒತ್ತುವ 'ಡಿಪಿ' ಬರೆಯಬೇಕಾಗುತ್ತಿತ್ತು. ಇಂಥ ತಿದ್ದುಪಡಿ ಪಠ್ಯ ಕಡತದಲ್ಲಿ ಎರಡು ಅಕ್ಷರಗಳ ಕೆಲಸವಾಗಿತ್ತು.

ಈ ಶ್ರಮವನ್ನು ಇಳಿಸಲು ಬಂದ ಸಾಧನಗಳಲ್ಲಿ ಡಬ್ಲ್ಯುವಿಡಯಲ್ ಹೆಚ್ಚಿನ ಮೆಚ್ಚುಗೆಗೆ ಅರ್ಹವಾದುದು. ಅದರ ಜೊತೆಗಿನ ತಂತ್ರಾಂಶ ಸೀರಿಯಲ್ ಪೋರ್ಟುಗಳನ್ನು ಒಂದೊಂದಾಗಿ ಪರೀಕ್ಷಿಸಿ ಮೋಡೆಮ್ ಎಲ್ಲಿದೆಯೆಂದು ಕಂಡುಕೊಂಡು ಸಂರಚನೆಯ ಕಡತವನ್ನು ತಾನೇ ಬರೆಯುತ್ತದೆ. ಆ ತುದಿಯ ಸರ್ವರ್ ಕೇಳುವ ಪ್ರಶ್ನೆಗಳನ್ನು ಊಹಿಸಿ ಉತ್ತರಿಸುತ್ತದೆ. ಕಳುಹಿಸಿದ ಪ್ರತಿ ಆಜ್ಞೆಯನ್ನೂ ಬಂದ ಪ್ರತಿ ಉತ್ತರವನ್ನೂ ತೆರೆಯ ಮೇಲೆ ತೋರಿಸುತ್ತದೆ. ಸುಲಭಗೊಳಿಸುವ ತಂತ್ರಾಂಶ ಒಳಗಿನದನ್ನು ಮರೆಮಾಡಲೇಬೇಕೆಂಬ ನಿಯಮವೇನೂ ಇಲ್ಲವೆಂಬುದಕ್ಕೆ ಇದು ಉತ್ತಮ ನಿದರ್ಶನ. ಕೊರತೆಗಳೂ ಇವೆ: ಗುಪ್ತಪದವನ್ನು ಅದು ಸಂಕೇತಿಸದೆ ಕಡತದಲ್ಲಿಯೇ ಇಡುತ್ತದೆ, ಊಹೆ ತಪ್ಪಿದಲ್ಲಿ ಊಹಿಸುವುದನ್ನೇ ಕೈಬಿಟ್ಟು ನೇರವಾಗಿ ಪಿಪಿಪಿಡಿ ಆರಂಭಿಸುವಂತೆ ಬಳಕೆದಾರನೇ ಹೇಳಬೇಕಾಗುತ್ತದೆ.

ಎರಡನೆಯ ಬಗೆಯ ಕಷ್ಟದ ಹೆಸರು ವಿನ್‌ಮೋಡೆಮ್. ಗಣಕದೊಳಗೆ ಕೂರುವ ಈ ಅಗ್ಗದ ಕಾರ್ಡುಗಳಲ್ಲಿ ಎಟಿ ಆಜ್ಞೆಗಳನ್ನು ಅರ್ಥಮಾಡಿಕೊಳ್ಳುವ ನಿಯಂತ್ರಕವೇ ಇರುವುದಿಲ್ಲ. ಕೆಲವುಗಳಲ್ಲಿ ಸಂಕೇತ ಮಾರ್ಪಡಿಸುವ ಸಂಸ್ಕಾರಕವೂ ಇಲ್ಲದೆ, ಆ ಇಡೀ ಲೆಕ್ಕಾಚಾರವನ್ನು ಗಣಕದ ಮುಖ್ಯ ಸಂಸ್ಕಾರಕವೇ ಮಾಡಬೇಕಾಗುತ್ತದೆ. ಯಂತ್ರಾಂಶದ ಕೆಲಸವನ್ನು ತಂತ್ರಾಂಶಕ್ಕೆ ವಹಿಸುವುದು ಸ್ವತಃ ಆಕ್ಷೇಪಾರ್ಹವಲ್ಲ, ಬೆಲೆ ಇಳಿಯಲು ಅದೇ ಕಾರಣ. ಆಕ್ಷೇಪವಿರುವುದು, ಆ ತಂತ್ರಾಂಶವನ್ನು ವಿಂಡೋಸ್‌ಗೆ ಮಾತ್ರ ಬರೆದು ಕಾರ್ಡಿನ ಒಳಗಿನ ವಿವರಗಳನ್ನು ಯಾರಿಗೂ ಕೊಡದಿದ್ದುದಕ್ಕೆ. ಆಗ ಲಿನಕ್ಸಿನಲ್ಲಿ ಮಿನಿಕಾಮ್ ತೆರೆದು 'ಎಟಿ' ಬರೆದರೆ ಉತ್ತರವಿಲ್ಲ, ಆ ಮೌನದಿಂದ ಕಲಿಯುವುದಕ್ಕೂ ಏನೂ ಇಲ್ಲ.

ಇಂಥ ಕಾರ್ಡುಗಳಲ್ಲಿದ್ದ ಲುಸೆಂಟ್ ಕಂಪನಿಯ ಚಿಪ್ಪುಗಳಿಗಾಗಿ ಮುಂದೆ ಲಿನಕ್ಸಿಗೆ ಬಂದ ಚಾಲಕದಲ್ಲಿ ತಿರುಳು ಮುಚ್ಚಿದ ಯಂತ್ರಸಂಕೇತವಾಗಿಯೇ ಉಳಿದು, ಅದನ್ನು ಕರ್ನಲ್‌ಗೆ, ಎಂದರೆ ವ್ಯವಸ್ಥೆಯ ಗರ್ಭಭಾಗಕ್ಕೆ, ಜೋಡಿಸುವ ಹೊದಿಕೆಯನ್ನು ಸ್ವಯಂಸೇವಕರು ಬರೆದರು. ಕರ್ನಲ್ ಬದಲಾದಾಗಲೆಲ್ಲ ಹೊದಿಕೆಯನ್ನು ಮತ್ತೆ ಸಂಕಲಿಸಬೇಕಾಯಿತು. ಕೋನೆಕ್ಸಂಟ್ ಚಿಪ್ಪುಗಳಿಗೆ ಚಾಲಕ ಒದಗಿಸಿದ ಲಿನಕ್ಸಂಟ್ ಕಂಪನಿ ಉಚಿತ ಆವೃತ್ತಿಯ ವೇಗವನ್ನು ಸೆಕೆಂಡಿಗೆ 14.4 ಕಿಲೋಬಿಟ್‌ಗೆ ಮಿತಿಗೊಳಿಸಿ, ಪೂರ್ಣ ವೇಗಕ್ಕೆ ಹಣ ಪಡೆಯಿತು. ಅದೇ ಚಾಲಕ ತನ್ನ ಪರವಾನಗಿಯನ್ನು ಘೋಷಿಸುವ ಸಾಲಿನಲ್ಲಿ 'ಜಿಪಿಎಲ್' ಎಂಬ ಮುಕ್ತ ಪರವಾನಗಿಯ ಹೆಸರಿನ ಬೆನ್ನಿಗೇ ಪಠ್ಯದ ಅಂತ್ಯವನ್ನು ಸೂಚಿಸುವ ಶೂನ್ಯಾಕ್ಷರವನ್ನು ಇಟ್ಟು, ನಂತರದ ಷರತ್ತುಗಳು ಕರ್ನಲ್‌ನ ಕಣ್ಣಿಗೆ ಬೀಳದಂತೆ ಮಾಡಿರುವುದು 2004ರಲ್ಲಿ ಬೆಳಕಿಗೆ ಬಂತು. ಮುಕ್ತವಲ್ಲದ ಚಾಲಕ ಸೇರಿದಾಗ ಕರ್ನಲ್ ಕೊಡುವ ಎಚ್ಚರಿಕೆಯ ಸಂದೇಶಗಳು ಮತ್ತೆ ಮತ್ತೆ ಬಂದು ಬಳಕೆದಾರರು ಗೊಂದಲಗೊಳ್ಳುತ್ತಾರೆಂಬುದು ಕಂಪನಿಯ ಸಮರ್ಥನೆಯಾಗಿತ್ತು. ಆದರೆ ಮುಚ್ಚಿದ ಭಾಗವೊಂದು ಒಳಗೆ ಸೇರಿದೆ, ಮುಂದಿನ ದೋಷಗಳಿಗೆ ಅದೂ ಕಾರಣವಿರಬಹುದು ಎಂದು ತಿಳಿಸುವುದೇ ಆ ಎಚ್ಚರಿಕೆಯ ಉದ್ದೇಶವಾಗಿದ್ದುದರಿಂದ, ಅದನ್ನು ಅಡಗಿಸಿದ್ದನ್ನು ಬಳಕೆದಾರನಿಗೆ ಮಾಡಿದ ಉಪಕಾರವೆಂದು ಒಪ್ಪಲಾಗದು.

ಲಿನಕ್ಸ್ ಸಮುದಾಯದ ಪಾಲಿನ ತಪ್ಪೂ ಇಲ್ಲದಿಲ್ಲ. ಭಾರತದಲ್ಲಿ ಬಹುಮಂದಿಗೆ ಲಿನಕ್ಸ್ ದೊರೆತದ್ದು ಪತ್ರಿಕೆಗಳ ಜೊತೆ ಬರುತ್ತಿದ್ದ ಸಿ.ಡಿ.ಗಳಿಂದ. ಸಿ.ಡಿ.ಯಲ್ಲಿಲ್ಲದ ಚಾಲಕವನ್ನು ಅಂತರಜಾಲದಿಂದ ಇಳಿಸಿಕೊಳ್ಳಿರೆಂಬ ಸಲಹೆ, ಅಂತರಜಾಲಕ್ಕಾಗಿಯೇ ಆ ಚಾಲಕವನ್ನು ಹುಡುಕುತ್ತಿದ್ದವನಿಗೆ ನೆರವಾಗುತ್ತಿರಲಿಲ್ಲ. ಮಾರ್ಗದರ್ಶಿಗಳನ್ನು ಬರೆದವರಲ್ಲಿ ಅನೇಕರು ಇದನ್ನು ಗಮನಿಸಲಿಲ್ಲ.

ಮುಂದೆ ಮೊಬೈಲ್ ಜಾಲ ಬಳಸುವ ಯುಎಸ್‌ಬಿ ಡೇಟಾ ಕಾರ್ಡುಗಳು ಬಂದಾಗ ಮೊದಲ ಬಗೆಯ ಶ್ರಮದಿಂದ ಕಲಿತದ್ದು ಹಾಗೆಯೇ ಉಪಯೋಗಕ್ಕೆ ಬಂತು. ಅವೂ ಎಟಿ ಆಜ್ಞೆಗಳನ್ನೇ ಆಲಿಸುತ್ತಿದ್ದುದರಿಂದ, ಡಬ್ಲ್ಯುವಿಡಯಲ್‌ನ ಕಡತದಲ್ಲಿ ದೂರವಾಣಿ ಸಂಖ್ಯೆಯ ಜಾಗದಲ್ಲಿ ಜಿಎಸ್‌ಎಂ ಕಾರ್ಡಿಗೆ *99#, ಸಿಡಿಎಂಎ ಕಾರ್ಡಿಗೆ #777 ಎಂದು ಬರೆದರೆ ಪಿಪಿಪಿಡಿ ಎಂದಿನಂತೆ ದಾರಿ ತೆರೆಯುತ್ತಿತ್ತು. ವಿನ್‌ಮೋಡೆಮ್ ಚಾಲಕಗಳ ಮುಚ್ಚಿದ ತಿರುಳಾದರೋ 32 ಬಿಟ್ ಗಣಕಗಳಿಗೆಂದು ಸಂಕಲಿಸಿದ್ದಾಗಿದ್ದರೆ, 64 ಬಿಟ್ ಕರ್ನಲ್‌ಗಳು ಬಂದ ಮೇಲೆ ಅದನ್ನು ಅವುಗಳೊಳಕ್ಕೆ ಜೋಡಿಸುವುದು ಮೂಲಸಂಕೇತವಿಲ್ಲದ ಸ್ವಯಂಸೇವಕರಿಗೆ ಸಾಧ್ಯವಿರಲಿಲ್ಲ.