ಸಕ್ಕರೆ ಕಾಯಿಲೆಯವರ ಎಲುಬು: ಡೆಕ್ಸಾ ರಿಪೋರ್ಟ್ ಒಂದೇ ಸಾಲದು

ಮಂಗಳೂರಿನ ಬಲ್ಮಠದಿಂದ ಜ್ಯೋತಿ ವೃತ್ತದವರೆಗೆ ಕ್ಲಿನಿಕ್, ಲ್ಯಾಬುಗಳಿಗೆ ಕೊರತೆಯಿಲ್ಲ. ಶುಗರ್ ಇರುವ ಹಲವರು ಕಣ್ಣು, ಕಿಡ್ನಿ, ಪಾದದ ತಪಾಸಣೆಗೆ ಬರುತ್ತಾರೆ. ಎಲುಬಿನ ನೆನಪಾಗುವುದು ಮಾತ್ರ ಹೆಚ್ಚಾಗಿ ಬಿದ್ದು ಸೊಂಟ ಮುರಿದ ಮೇಲೆ.

ಎಲುಬಿನ ಪರೀಕ್ಷೆ ಎಂದರೆ ಇಂದು ಡೆಕ್ಸಾ ಸ್ಕ್ಯಾನ್. ಕೆಲವೇ ನಿಮಿಷಗಳಲ್ಲಿ, ತೀರ ಕಡಿಮೆ ವಿಕಿರಣದಲ್ಲಿ ಅದು ಸೊಂಟ ಮತ್ತು ಬೆನ್ನೆಲುಬಿನ ಖನಿಜಾಂಶವನ್ನು ಅಳೆಯುತ್ತದೆ. ಈ ಅಳತೆಯ ಅಂಕವಾದ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಎಲುಬು ಟೊಳ್ಳಾಗುವ ಆಸ್ಟಿಯೊಪೊರೋಸಿಸ್ ಎಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೆರೆ ಎಳೆಯಿತು. ಮುಟ್ಟು ನಿಂತ ಮಹಿಳೆಯರಿಗೆ ಈ ಅಳತೆ ಮಾಡಿದ ಉಪಕಾರ ದೊಡ್ಡದು.

ಟೈಪ್ 2 ಮಧುಮೇಹದಲ್ಲಿ ಇದೇ ಅಳತೆ ದಾರಿ ತಪ್ಪಿಸುತ್ತದೆ. ಇವರ ಖನಿಜಾಂಶ ಸಾಮಾನ್ಯವಾಗಿಯೇ, ಕೆಲವೊಮ್ಮೆ ಹೆಚ್ಚಾಗಿಯೇ ಇರುತ್ತದೆ. ಆದರೂ ಎಲುಬು ಬೇಗ ಮುರಿಯುತ್ತದೆ. ವರ್ಷಗಟ್ಟಲೆ ಏರಿದ ಸಕ್ಕರೆ ಎಲುಬಿನೊಳಗಿನ ಕೊಲಾಜೆನ್ ಎಳೆಗಳಿಗೆ ಅಂಟಿ ಅವನ್ನು ಪೆಡಸಾಗಿಸುತ್ತದೆ. ಕೆಂಪುಕಲ್ಲು ಗಟ್ಟಿಯಿದ್ದೂ ಗಾರೆ ಕೆಟ್ಟ ಗೋಡೆಯಂತೆ. ಡೆಕ್ಸಾ ಕಲ್ಲನ್ನಷ್ಟೇ ಎಣಿಸುತ್ತದೆ. ವಯಸ್ಸಾದವರ ಬೆನ್ನೆಲುಬಿನಲ್ಲಿ ಸವೆತದಿಂದ ಬೆಳೆದ ಮುಳ್ಳುಗಳೂ ಸ್ಕೋರನ್ನು ಸುಳ್ಳಾಗಿ ಏರಿಸುತ್ತವೆ. 2011ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಟಿ-ಸ್ಕೋರ್ ಒಂದೇ ಇದ್ದರೂ ಮಧುಮೇಹಿಗಳಿಗೆ ಮುರಿತದ ಅಪಾಯ ಹೆಚ್ಚು. ಮುರಿತದ ಅಪಾಯವನ್ನು ಲೆಕ್ಕಹಾಕುವ ಫ್ರಾಕ್ಸ್ ಎಂಬ ಸಾಧನ ಕೂಡ ಇವರ ವಿಷಯದಲ್ಲಿ ಕಡಿಮೆ ಅಂಕಿಯನ್ನೇ ಕೊಡುತ್ತದೆ.

ಹಾಗೆಂದು ಡೆಕ್ಸಾ ಬಿಡಬೇಕಿಲ್ಲ, ಅದನ್ನು ಓದುವ ಕ್ರಮ ಬದಲಾಗಬೇಕು. ಅದೇ ಬೆನ್ನೆಲುಬಿನ ಚಿತ್ರದಿಂದ ಒಳಹೆಣಿಗೆಯ ಗುಣ ಅಂದಾಜಿಸುವ ಟಿಬಿಎಸ್ ಸಿಕ್ಕಲ್ಲಿ ಬಳಸುವುದು ಒಳ್ಳೆಯದು. ಅದಿಲ್ಲದಿದ್ದರೆ ಬೆನ್ನಿನ ಪಕ್ಕದಿಂದ ತೆಗೆದ ಸಾದಾ ಎಕ್ಸ್-ರೇ ಸಾಕಷ್ಟು ಹೇಳುತ್ತದೆ: ನೋವೇ ಇಲ್ಲದೆ ಕುಸಿದ ಕಶೇರು ಅದರಲ್ಲಿ ಕಾಣುತ್ತದೆ, ಟಿ-ಸ್ಕೋರ್ ಎಷ್ಟೇ ಇರಲಿ ಅದು ಚಿಕಿತ್ಸೆ ಬೇಡುವ ಸಂಗತಿ. ಶಿಬಿರಗಳಲ್ಲಿ ಹಿಮ್ಮಡಿಗೆ ಮಾಡುವ ಅಲ್ಟ್ರಾಸೌಂಡ್ ರೋಗನಿರ್ಣಯಕ್ಕೆ ಆಧಾರವಾಗದು.

ಬೀಳುವ ಅಥವಾ ಎಲುಬು ಮುರಿಯುವ ಅಪಾಯವನ್ನು ತಿಳಿಸುವ, ಚಿತ್ರದಲ್ಲಿ ಕಾಣದ ಪ್ರಶ್ನೆಗಳೂ ಇವೆ. ಪಾದ ಜೋಮು ಹಿಡಿದಿದೆಯೇ, ದೃಷ್ಟಿ ಮಂಜಾಗಿದೆಯೇ, ಶುಗರ್ ದಿಢೀರ್ ಇಳಿದು ತಲೆ ತಿರುಗುತ್ತದೆಯೇ, ಪಯೋಗ್ಲಿಟಜೋನ್ ಮಾತ್ರೆ ನಡೆಯುತ್ತಿದೆಯೇ?

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ನೀವು ಅವರಲ್ಲಿ ಒಬ್ಬರಾಗಿದ್ದು ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದಿದ್ದರೆ ಅಲ್ಲಿಗೇ ನಿಲ್ಲಬೇಡಿ. ಬೆನ್ನಿನ ಎಕ್ಸ್-ರೇ ಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಬಿದ್ದದ್ದಿದ್ದರೆ ಮುಚ್ಚಿಡದೆ ಹೇಳಿ.